ದಾವಲಸಾಬ್ ಸರ್ ಒತ್ತಿದ ಕೆಂಪು ಗುಂಡಿ

ನಾನು ಅಂಗೈಯಗಲದ ಟೇಪ್ ರೆಕಾರ್ಡರ್. ಕಾರ್ಖಾನೆಯಲ್ಲಿ ನನಗೆ ಕೊನೆಯ ತಿರುಪು ಬಿಗಿದ ಹೆಂಗಸು, "ಹಲೋ, ಕೇಳಿಸ್ತಿದೆಯೇನಪ್ಪಾ?" ಎಂದಳು. ಅದೇ ನಾನು ಕೇಳಿದ ಮೊದಲ ಮಾತು. ಅಂದಿನಿಂದ ಕೇಳಿದ್ದೇ ಕೇಳಿದ್ದು!

ನನ್ನನ್ನು ಕೊಂಡವರು ಗದುಗಿನ ಒಂದು ಪತ್ರಿಕೆಯ ಕ್ರೀಡಾ ವರದಿಗಾರ ನಿಂಗರಾಜ ಹೂಗಾರರು. ಅವರ ಅಂಗಿಯ ಜೇಬಿನಲ್ಲಿ ಕೂತು ಹಾಕಿ ಆಟದ ಮೈದಾನಕ್ಕೆ ಹೋಗುತ್ತಿದ್ದೆ. ಅಲ್ಲಿ ಹುಡುಗಿಯರ ತಂಡದ ಕೋಚ್ ದಾವಲಸಾಬ್ ಸರ್‌ಗೆ ನನ್ನನ್ನು ಕಂಡರಾಗದು. ಹಿಂದೊಮ್ಮೆ ಹೂಗಾರರು "ಕೋಚ್ ತಂತ್ರ ಹಳಸಿದೆ" ಎಂದು ಬರೆದಿದ್ದರಂತೆ. ಕೆಂಪು ಗುಂಡಿ ಒತ್ತಿ ನನ್ನನ್ನು ಮುಂದೆ ಹಿಡಿದರೆ, "ಚಲೋ ಆಡ್ಯಾರ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೆ, "ಮೊದಲ ಈ ಡಬ್ಬಿ ಬಾಯಿ ಮುಚ್ಚೂಣು" ಎಂದು ಕಪ್ಪು ಗುಂಡಿಯನ್ನು ತಾವೇ ಒತ್ತಿ, ಚಹಾ ತರಿಸಿ ಮನಸ್ಸು ಬಿಚ್ಚುತ್ತಿದ್ದರು. ಆಗ ಹೇಳಿದ್ದನ್ನು ಹೂಗಾರರು ಬರೆಯುವಂತಿರಲಿಲ್ಲ. ಅದು ಇಬ್ಬರ ಒಪ್ಪಂದ.

ಫೈನಲ್‌ನ ಹಿಂದಿನ ದಿನ ಎಡವಟ್ಟು ಮಾಡಿದವನು ನಾನು. ಸರ್ ಕಪ್ಪು ಗುಂಡಿ ಒತ್ತಿದರು. ಟಕ್ ಎಂದಿತು, ಆದರೆ ಟೇಪು ನಿಲ್ಲಲಿಲ್ಲ.

"ಗೋಲ್‌ಕೀಪರ್ ಶೈಲಾನ ಬಲಗೈ ಬಾತೈತ್ರಿ. ಅಕಿ ಆಡೂದಿಲ್ಲ ಅಂತಾಳ. ಆದ್ರೂ ಆಡಸ್ತೀನಿ. ಎದುರಿನವ್ರಿಗೆ ಗೊತ್ತಾದ್ರ ಮುಗೀತು."

ಕಚೇರಿಯಲ್ಲಿ ಇದನ್ನು ಕೇಳಿದ ಹೂಗಾರರು ಪೆನ್ನು ಎತ್ತಿಕೊಂಡರು, ಇಟ್ಟರು, ಮತ್ತೆ ಎತ್ತಿಕೊಂಡರು. ಮೊದಲ ಪುಟದ ಸುದ್ದಿಯಲ್ಲವೇ! ಕಡೆಗೆ ಸೈಕಲ್ ಹತ್ತಿ ಮೈದಾನಕ್ಕೆ ವಾಪಸ್ ಹೋಗಿ, ಸರ್ ಎದುರಿಗೇ ಆ ಮಾತನ್ನು ಅಳಿಸಿದರು. ನನಗೆ ಹೋದ ಜೀವ ಬಂದಂತಾಯಿತು.

ಫೈನಲ್‌ನಲ್ಲಿ ನಮ್ಮವರು ನಾಲ್ಕು ಗೋಲುಗಳಿಂದ ಸೋತರು. ಊರೆಲ್ಲ ಶೈಲಾಳನ್ನೇ ಆಡಿಕೊಂಡಿತು. ಇತರ ಪತ್ರಿಕೆಗಳು "ಕೀಪರ್ ಕೈಚೆಲ್ಲಿದಳು" ಎಂದು ಬರೆದವು. ಆ ಹುಡುಗಿ ಮೈದಾನಕ್ಕೆ ಬರುವುದನ್ನೇ ಬಿಟ್ಟಳು. ಸತ್ಯ ಗೊತ್ತಿದ್ದ ಹೂಗಾರರು ಬರೀ ಸ್ಕೋರು ಬರೆದು ಸುಮ್ಮನಾದರು.

ಮೂರನೆಯ ದಿನ ಅವರು ನನ್ನನ್ನು ಸರ್ ಮುಂದೆ ಬೆಂಚಿನ ಮೇಲಿಟ್ಟರು. ಗುಂಡಿ ಒತ್ತಲಿಲ್ಲ.

"ಸರ್, ಕೊಟ್ಟ ಮಾತಿಗೆ ಬಾಯಿ ಕಟ್ಟಿಕೊಂಡು ಕುಂತೀನಿ. ಆ ಹುಡುಗಿ ಮಾರಿ ನೋಡ್ಲಿಕ್ಕೆ ಆಗವಲ್ದು."

"ಕೋಚ್‌ನ ಹರಾಜು ಹಾಕಾಕ ಬಂದೀರೇನು?"

"ಇಲ್ರಿ. ಕೇಳಾಕ ಬಂದೀನಿ."

ಸರ್ ಖಾಲಿ ಗೋಲಿನ ಕಡೆ ತಿರುಗಿ ನೋಡಿದರು. ಆಮೇಲೆ ಅವರ ದಪ್ಪ ಬೆರಳು ಮೊದಲ ಸಲ ನನ್ನ ಕೆಂಪು ಗುಂಡಿಯ ಮೇಲೆ ಬಂತು.

"ಬರ್ಕೊಳ್ರಿ. ಹುಡುಗಿ ಕೈ ಬಾತಿತ್ತು. ಆಡೂದಿಲ್ಲ ಅಂದಿದ್ಲು. ಆಡಿಸಿದಾವ ನಾನು. ತಪ್ಪು ನಂದು."

ಸುದ್ದಿ ಅಚ್ಚಾದ ಮರುದಿನ ಶೈಲಾ ಕೈಗೆ ಪಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಬಂದಳು.

ನಿವೃತ್ತರಾದಾಗ ಹೂಗಾರರು ನನ್ನನ್ನು ಸರ್‌ಗೇ ಕೊಟ್ಟರು. ಈಗ ಅವರ ಮನೆಯ ಕಪಾಟಿನಲ್ಲಿ, ತಂಡ ಗೆದ್ದ ಕಪ್‌ಗಳ ನಡುವೆ ಆರಾಮಾಗಿದ್ದೇನೆ. ಭಾನುವಾರ ಹೂಗಾರರು ಬರುತ್ತಾರೆ. ಹಳೆಯ ಮ್ಯಾಚುಗಳ ಬಗ್ಗೆ ಇಬ್ಬರಿಗೂ ಇನ್ನೂ ಜಗಳ. ನನ್ನೊಳಗೆ ಸೆಲ್ ಇಲ್ಲದೆ ಎಷ್ಟೋ ವರ್ಷವಾಯಿತು. ಆದರೂ ಚಹಾ ಬಂದ ಕೂಡಲೇ ಸರ್ ಎದ್ದು ಬಂದು ನನ್ನ ಕಪ್ಪು ಗುಂಡಿಯನ್ನು ಒತ್ತುತ್ತಾರೆ.

"ಹಾಂ, ಈಗ ಮಾತಾಡ್ರಿ" ಎನ್ನುತ್ತಾರೆ.