ತಣ್ಣಗಿಡಬೇಕಾದ ಡಬ್ಬಿ

ಬಿಸಿನೀರಿನ ಕೆಟಲನ್ನು ಬುರ್ಮಕಾನ್ ಎರಡೂ ಕೈಯಲ್ಲಿ ಹಿಡಿದು ಉಣ್ಣೆಗುಡಾರದ ಬಾಗಿಲಿಗೆ ತಂದಳು. ಒಳಗಿಂದ ಒಂದು ಗಂಡಸಿನ ಕೈ ಬಂದು ಅದನ್ನು ತೆಗೆದುಕೊಂಡು ಖಾಲಿ ಕೆಟಲನ್ನು ಹೊರಗಿಟ್ಟಿತು. ಗುಡಾರದೊಳಗೆ ಕಟ್ಟಿದ ಪರದೆಯ ಆಚೆ ಸಗಿನ್‌ಬೆಕ್‌ನ ಮೈ ತೊಳೆಯುತ್ತಿದ್ದರು. ಈಚೆ ಅವನ ಮನೆತನದ ಹೆಂಗಸರು ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತು ರಾಗವಾಗಿ ಅಳುತ್ತಿದ್ದರು. ಗಂಡಸು ಸತ್ತರೆ ಹಾಗೆ ಕೂರುವ ಹಕ್ಕು ಅವನ ಹೆಂಡತಿಗೆ, ಅಕ್ಕತಂಗಿಯರಿಗೆ. ನೆರೆಮನೆಯವಳ ಪಾಲಿಗೆ ಬರುವುದು ಹೊರಗಿನ ಒಲೆ.

ಗಂಟಲೊಣಗಿ ಚಹಾಕ್ಕೆಂದು ಎದ್ದು ಬಂದ ಸಗಿನ್‌ಬೆಕ್‌ನ ಅಕ್ಕ ಜೈನೆಪ್ ಅವಳನ್ನೇ ನೋಡಿದಳು. "ನೀನ್ಯಾಕೆ ಇಷ್ಟು ಒದ್ದಾಡ್ತೀಯಾ? ಕಿವಿಗೆ ಬೆಳ್ಳಿ ಓಲೆ ಹಾಕಿ ನಿಶ್ಚಯ ಮಾಡ್ಕೊಂಡು, ಆಮೇಲೆ ನಿನ್ನನ್ನೇ ಬೇಡ ಅಂದವನಿಗೆ ನೀರು ಕಾಯಿಸ್ತಾ ಕೂತಿದೀಯಲ್ಲ."

"ಬೇಡ ಅಂದದ್ದು ನಿಮ್ಮ ತಮ್ಮ. ನೀರೇನು ಮಾಡ್ತು, ಪಾಪ."

ಅಷ್ಟರಲ್ಲಿ ಅಂಗಿಯ ತೋಳು ಮೇಲಕ್ಕೆ ಮಡಚಿದ ಕಲ್ಮುರಾತ್ ಹೊರಗೆ ಇಣುಕಿದ. ಸಗಿನ್‌ಬೆಕ್‌ನ ಜೊತೆ ಕುದುರೆ ಮೇಯಿಸಿದವನು ಅವನು. ಒಲೆಯ ಪಕ್ಕ ರೊಟ್ಟಿ ಕರಿಯುತ್ತಿದ್ದ ಊರಿನ ನರ್ಸ್ ಐಸಲ್ಕಿನ್‌ಳನ್ನು ಹತ್ತಿರ ಕರೆದು ದನಿ ತಗ್ಗಿಸಿದ.

"ತೊಳೆಯೋರು ಕಂಡದ್ದನ್ನ ಹೊರಗೆ ಆಡಬಾರದು, ನಿಂಗೂ ಗೊತ್ತು. ಆದ್ರೂ ಕೇಳ್ತೀನಿ. ಹೊಟ್ಟೆ ಮೇಲೆ ಚರ್ಮದ ಕೆಳಗೊಂದು ಗಂಟಿದೆಯಮ್ಮ. ಅಂಟುರೋಗವಾ?"

"ರೋಗ ಅಲ್ಲ ಕಲ್ಮುರಾತಣ್ಣ, ಔಷಧಿ. ಹೋದ ತಿಂಗಳು ನಾನೇ ಚುಚ್ಚಿದ್ದು."

"ಔಷಧಿ ಗಂಟು ಕಟ್ಟುತ್ತಾ?"

"ಚುಚ್ಚುವಾಗ ನೀರಾಗಿರುತ್ತೆ. ಒಳಗೆ ಹೋದ್ಮೇಲೆ ಮೈಯ ತೇವ ತಗುಲಿ ಗಟ್ಟಿಯಾಗುತ್ತೆ. ಆಮೇಲೆ ಆರು ತಿಂಗಳು ಚೂರುಚೂರೇ ಕರಗುತ್ತೆ. ಮೆತ್ತಗೆ ತೊಳೀರಿ, ಸಾಕು."

ಖಾಲಿ ಕೆಟಲ್ ಹಿಡಿದ ಬುರ್ಮಕಾನ್ ನಿಂತಲ್ಲೇ ನಿಂತಳು.

*

ಓಲೆ ಹಾಕಿದ ಮುಂದಿನ ಚಳಿಗಾಲದಲ್ಲಿ ಸಗಿನ್‌ಬೆಕ್ ಅವಳ ಹೊಸ್ತಿಲಲ್ಲಿ ನಿಂತು, "ಮದುವೆ ಬೇಡ ಬುರ್ಮಕಾನ್" ಎಂದಿದ್ದ. ಯಾಕೆಂದು ಹೇಳಲಿಲ್ಲ. ಓಲೆ ಬಿಚ್ಚಲು ಹೋದರೆ ಇಟ್ಟುಕೋ ಎಂದ. ಆಮೇಲೆ ಒಂದು ಡಬ್ಬಿ ಮುಂದೆ ಚಾಚಿದ.

"ನಿನ್ನ ಫ್ರಿಜ್ಜಲ್ಲಿಡು. ಕುದುರೆ ಔಷಧಿ."

"ನಾನು ಬೇಡ, ನನ್ನ ಫ್ರಿಜ್ಜು ಬೇಕಾ?"

ಅವನು ನೆಲ ನೋಡಿದ. ಅವಳು ಡಬ್ಬಿ ಇಸಕೊಂಡಳು.

ಅಂದಿನಿಂದ ವಾರಕ್ಕೊಮ್ಮೆ ಬಂದು "ತಣ್ಣಗಿದೆಯಾ?" ಎಂದು ಕೇಳುತ್ತಿದ್ದ. ಇದೆ ಎಂದರೆ ಕೂತು ಚಹಾ ಕುಡಿದು ಹೋಗುತ್ತಿದ್ದ. ಆರು ತಿಂಗಳಿಗೊಮ್ಮೆ ಆ ಡಬ್ಬಿ ಒಯ್ದು ಹೊಸದು ತಂದಿಡುತ್ತಿದ್ದ. ಹಿಮ ಬೀಳುವಾಗಲೂ ಕೋಟಿನ ಗುಂಡಿ ಬಿಚ್ಚಿ ಬೆವರುತ್ತಿದ್ದ. ಕುಡಿದಿದ್ದಾನೆ ಎಂದು ಊರು ನಗುತ್ತಿತ್ತು, ಅವಳೂ ನಕ್ಕಿದ್ದಳು.

*

ಗಂಡಸರು ಶವ ಹೊತ್ತು ಗುಡ್ಡದ ಕಡೆ ನಡೆದ ಮೇಲೆ ಬುರ್ಮಕಾನ್ ಐಸಲ್ಕಿನ್‌ಳ ತೋಳು ಹಿಡಿದಳು. "ನನ್ನ ಫ್ರಿಜ್ಜಲ್ಲಿರೋದು ಕುದುರೆಗಲ್ಲ, ಅಲ್ವಾ?"

ನರ್ಸ್ ಬಾಣಲೆಯ ಎಣ್ಣೆಯನ್ನೇ ನೋಡುತ್ತ ಹೇಳಿದಳು. "ಪ್ರಾಸ್ಟೇಟ್ ಕ್ಯಾನ್ಸರ್ ಅಕ್ಕ. ಹರಡದ ಹಾಗೆ ತಡೆದಿಟ್ಟಿದ್ವಿ, ಕೊನೆಗೆ ಹೃದಯ ಕೈಕೊಡ್ತು. ಆ ಔಷಧಿ ಗಂಡಸ್ತನಾನೇ ಒಣಗಿಸುತ್ತೆ, ಚಳೀಲೂ ಮೈ ಬೆವರಿಸುತ್ತೆ. ನಿಮಗೆ ಗೊತ್ತಾದ್ರೆ ಕನಿಕರಕ್ಕೆ ಒಪ್ಕೋತೀರಿ ಅಂತ ನನ್ನ ಬಾಯಿಗೂ ಬೀಗ ಹಾಕಿದ್ರು."

"ಈ ವಯಸ್ಸಲ್ಲಿ ನಂಗೆ ಗಂಡಸ್ತನ ಬೇಕಿತ್ತಂತಾ? ಜೊತೆಗೆ ಕೂತು ಚಹಾ ಕುಡಿಯೋಕೆ ಒಬ್ಬ ಬೇಕಿತ್ತು."

"ಚಹಾ ಕುಡಿದ್ರಲ್ಲ."

ಬುರ್ಮಕಾನ್ ಖಾಲಿ ಕೆಟಲನ್ನು ಎತ್ತಿಕೊಂಡಳು.

"ನಮ್ಮ ಆಸ್ಪತ್ರೇಲೇ ಫ್ರಿಜ್ ಇದೆ ಅಕ್ಕ. ಎಲ್ಲರ ಔಷಧೀನೂ ಅಲ್ಲೇ ಇಡ್ತೀನಿ. ಎಷ್ಟು ಹೇಳಿದ್ರೂ ಕೇಳಲಿಲ್ಲ. 'ಅಲ್ಲಿಟ್ಟರೆ, ತಣ್ಣಗಿದೆಯಾ ಅಂತ ಕೇಳೋಕೆ ನಾನು ಎಲ್ಲಿಗೆ ಹೋಗ್ಲಿ?' ಅಂದ್ರು."

ಗುಡಾರದೊಳಗೆ ಜೈನೆಪ್ ಮತ್ತೆ ರಾಗ ಎತ್ತಿದಳು. ಬುರ್ಮಕಾನ್ ಬಾಗಿಲವರೆಗೆ ಹೋದಳು. ಗೋಡೆಗೆ ತಿರುಗಿದ ಬೆನ್ನುಗಳ ಸಾಲು ಕಂಡಿತು, ಯಾವ ಬೆನ್ನೂ ಸರಿದು ಜಾಗ ಕೊಡಲಿಲ್ಲ. ಅವಳು ಕೆಟಲನ್ನು ಕೆಳಗಿಟ್ಟು ಮನೆಗೆ ನಡೆದಳು.

ಬೆಣ್ಣೆಯ ಬಟ್ಟಲಿನ ಹಿಂದೆ ಮುಂದಿನ ಸಲದ ಡಬ್ಬಿ ಇತ್ತು. ತೆಗೆದು ಕೆನ್ನೆಗೆ ಒತ್ತಿಕೊಂಡಳು.

"ತಣ್ಣಗಿದೆ ಕಣೋ," ಎಂದಳು.

ಡಬ್ಬಿಯನ್ನು ಇದ್ದಲ್ಲೇ ಇಟ್ಟು ಫ್ರಿಜ್ ಮುಚ್ಚಿದಳು. ಕಿವಿಯ ಓಲೆ ಮುಟ್ಟಿ ನೋಡಿಕೊಂಡು, ಮನೆಯ ಬಾಗಿಲಿಗೆ ಬೆನ್ನು ಹಾಕಿ, ಫ್ರಿಜ್ಜಿಗೆ ಮುಖ ಮಾಡಿ ನೆಲದ ಮೇಲೆ ಕೂತಳು. ಫ್ರಿಜ್ ಒಮ್ಮೆ ನಡುಗಿ ಗುಂಯ್ ಎನ್ನತೊಡಗಿತು. ಅದರ ದನಿಗೆ ದನಿ ಸೇರಿಸಿ ಅವಳೂ ಮೆಲ್ಲಗೆ ರಾಗ ಎತ್ತಿದಳು.