ಹಿಲ್ಮಾ ಹಳ್ಳದ ಬಿದ್ದ ಮರಗಳು

ಆ ಶನಿವಾರ ಬೆಳಿಗ್ಗೆ ಸುಪೀರಿಯರ್ ಸರೋವರದ ಕಡೆಯಿಂದ ಮಂಜು ಎದ್ದು ಬಂದು ಊರಿನ ಮೇಲೆ ಒದ್ದೆ ಕಂಬಳಿಯ ಹಾಗೆ ಕವಿದಿತ್ತು. ಏಪ್ರಿಲ್ ಅರ್ಧ ಕಳೆದಿದ್ದರೂ ಚಳಿ ಹೊರಡುವ ಮನಸ್ಸು ಮಾಡಿರಲಿಲ್ಲ. ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಸಣ್ಣಗೆ ಉದುರುತ್ತಿತ್ತು. ಚರ್ಚಿನ ಗೋಪುರ ಅರ್ಧದಿಂದ ಮೇಲಕ್ಕೆ ಕಾಣುತ್ತಲೇ ಇರಲಿಲ್ಲ. ಆರ್ವಿಡ್ ಕೆಂಪೈನೆನ್ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತ, ಇಂಥ ಹವೆಯಲ್ಲಿ ಹುಡುಗಿ ಬರಲಾರಳು ಅಂದುಕೊಂಡ. ಅಂದುಕೊಂಡ ಅನ್ನುವುದಕ್ಕಿಂತ, ಬಾರದಿರಲಿ ಎಂದು ದೇವರಲ್ಲಿ ಬೇಡಿಕೊಂಡ ಅನ್ನಬೇಕು. ಆದರೆ ಇಂಥ ಬೇಡಿಕೆಗಳಿಗೆ ದೇವರು ಕಿವಿಗೊಡುವವನಲ್ಲ. ಏಳೂವರೆಗೆ ಸರಿಯಾಗಿ ಲಿನ್ನೆಯಾ ಹಾರ್ಜು ತನ್ನ ಅಮ್ಮನ ಹಳೆಯ ಟ್ರಕ್ಕನ್ನು ಬಾಗಿಲಲ್ಲಿ ತಂದು ನಿಲ್ಲಿಸಿದಳು.

ಆರ್ವಿಡ್ ಮೂವತ್ತೈದು ವರ್ಷ ಊರಿಗೆ ಟಪಾಲು ಹಂಚಿದವನು. ಮೂವತ್ತೊಂದು ವರ್ಷದಿಂದ ಚರ್ಚಿನ ನೆಲಮಾಳಿಗೆಯಲ್ಲಿ ಸ್ಕೌಟ್ ದಳ ನಡೆಸುತ್ತಿದ್ದವನೂ ಅವನೇ. ಒಂದು ಕಾಲಕ್ಕೆ ನಲವತ್ತು ಮಕ್ಕಳಿದ್ದ ದಳದಲ್ಲಿ ಈಗ ಏಳು ಜನ. ಅವನ ಹೆಸರು ನಾಲಿಗೆಗೆ ಉದ್ದವಾಯಿತೆಂದು ಮಕ್ಕಳು ಅವನನ್ನು ಮಿಸ್ಟರ್ ಕೆ ಎಂದೇ ಕರೆಯುವುದು. ಅಷ್ಟು ವರ್ಷಗಳಲ್ಲಿ ದಳಕ್ಕೆ ಪರಿಸರ ರಕ್ಷಣೆಯ ಪದಕ ಒಮ್ಮೆಯೂ ಬಂದಿರಲಿಲ್ಲ. ಈಗ ಬಂದಿತ್ತು. ಹತ್ತು ದಿನದಿಂದ ನೀಲಿ ಡಬ್ಬಿಯೊಳಗೆ, ಅವನ ಕಪಾಟಿನಲ್ಲಿ ಕೂತಿತ್ತು. ನಾಳೆ ಆರಾಧನೆ ಮುಗಿದ ಮೇಲೆ, ಕಾಫಿಯ ಹೊತ್ತಿನಲ್ಲಿ, ಊರೆಲ್ಲ ನೋಡುವ ಹಾಗೆ ಅದನ್ನು ಲಿನ್ನೆಯಾಳ ಕೊರಳಿಗೆ ಹಾಕುವುದಿತ್ತು. ಅವಳಿಗೆ ಹದಿನಾರು ವರ್ಷ. ಎರಡು ವರ್ಷ ಅದಕ್ಕಾಗಿ ದುಡಿದಿದ್ದಳು.

ಪದಕ ತಂದುಕೊಟ್ಟದ್ದು ಹಿಲ್ಮಾ ಹಳ್ಳ. ಊರಿನಿಂದ ಆರು ಮೈಲಿ ದೂರದ ಸೀಡರ್ ಕಾಡಿನಲ್ಲಿ ಹರಿಯುವ ತಣ್ಣೀರಿನ ಹಳ್ಳ ಅದು. ಅಲ್ಲಿ ಮರಗಳು ಬಿದ್ದು ಬಿದ್ದು, ಕೊಂಬೆ ಸಿಕ್ಕಿ, ನೀರು ತಡವರಿಸಿಕೊಂಡು ಹೋಗುತ್ತಿತ್ತು. ಬಂದಾಗ ಕಂಡದ್ದಕ್ಕಿಂತ ಚೊಕ್ಕಟವಾಗಿ ಜಾಗವನ್ನು ಬಿಟ್ಟು ಹೋಗಬೇಕು ಎಂದು ಆರ್ವಿಡ್ ಮೂವತ್ತೊಂದು ವರ್ಷ ಮಕ್ಕಳಿಗೆ ಗಿಳಿಪಾಠ ಹೇಳಿಸಿದ್ದ. ಹಾಗಾಗಿ ಕಳೆದ ಜುಲೈಯಲ್ಲಿ ಲಿನ್ನೆಯಾ ಉಳಿದ ಆರು ಮಕ್ಕಳನ್ನು ಕಟ್ಟಿಕೊಂಡು ಹೋಗಿ, ಮೂರು ಶನಿವಾರ ಸೊಂಟದ ಮಟ್ಟ ನೀರಿನಲ್ಲಿ ನಿಂತು, ಗರಗಸ ಹಿಡಿದು, ಹಗ್ಗ ಕಟ್ಟಿ ಎಳೆದು, ಹದಿನಾಲ್ಕು ಮರಗಳನ್ನು ದಡಕ್ಕೆ ಹಾಕಿದ್ದಳು. ಹಳ್ಳ ಬಾಚಿದ ತಲೆಯ ಹಾಗೆ ನೇರವಾಗಿ ಹರಿಯಿತು. ಚಿತ್ರ ತೆಗೆದು ಅರ್ಜಿಗೆ ಅಂಟಿಸಿದರು. ಈಗ ಅದೇ ಜಾಗದ ಇನ್ನೊಂದು ಚಿತ್ರ ನಾಳೆ ಜನರಿಗೆ ತೋರಿಸುವ ಚಿತ್ರಫಲಕಕ್ಕೆ ಬೇಕಿತ್ತು.

ಹಿಮ ಇನ್ನೂ ಕರಗದ ಕಾಡುದಾರಿಯಲ್ಲಿ ಲಿನ್ನೆಯಾ ಮುಂದೆ, ಕುಂಟುವ ಆರ್ವಿಡ್ ಹಿಂದೆ.

“ನಿಮ್ ಮೊಣಕಾಲು ರೇಡಿಯೋಗಿಂತ ಚೆನ್ನಾಗಿ ಹವಾಮಾನ ಹೇಳತ್ತಂತೆ, ಅಮ್ಮ ಅಂತಿದ್ಲು,” ಅಂದಳು ಹುಡುಗಿ. “ಇವತ್ತೇನ್ ಹೇಳ್ತಿದೆ ಮಿಸ್ಟರ್ ಕೆ?”

“ಮನೇಲಿ ಬಿದ್ಕೋ ಮುದುಕಪ್ಪಾ ಅಂತಿದೆ.”

ಅವಳು ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಹಳ್ಳದ ಸದ್ದು ಮೊದಲು ಕೇಳಿಸಿತು. ಆ ಹಳ್ಳಕ್ಕೆ ಸದ್ದೇ ಇರುತ್ತಿರಲಿಲ್ಲ, ಗೊಣಗು ಮಾತ್ರ ಇರುತ್ತಿತ್ತು. ಈಗ ಅದು ಹೆದ್ದಾರಿಯ ಲಾರಿಯ ಹಾಗೆ ಒಂದೇ ಸಮನೆ ಮೊರೆಯುತ್ತಿತ್ತು. ದಡಕ್ಕೆ ಬಂದು ನೋಡಿದರೆ ದಡವೇ ಅಲ್ಲಲ್ಲಿ ಇರಲಿಲ್ಲ. ತಡೆಯುವವರಿಲ್ಲದೆ ಓಡಿದ ಹಿಮದ ನೀರು ಎರಡೂ ಪಕ್ಕವನ್ನು ಕೊರೆದು, ಸೀಡರ್ ಮರಗಳ ಬೇರುಗಳನ್ನು ಗಾಳಿಗೆ ತೂಗಬಿಟ್ಟಿತ್ತು. ಮಡುಗಳಲ್ಲಿ ಹೂಳು ತುಂಬಿಹೋಗಿತ್ತು. ಕೆಳಗೆ ಬೆಣಚುಕಲ್ಲಿನ ಹಾಸು ಇದ್ದಲ್ಲೆಲ್ಲ ಕಂದು ಮರಳು ನುಣ್ಣಗೆ ಬಳಿದುಕೊಂಡಿತ್ತು. ಅದೇ ಕಲ್ಲುಗಳ ಸಂದಿಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ಟ್ರೌಟ್ ಮೀನು ಮೊಟ್ಟೆ ಇಡುತ್ತಿತ್ತು.

ಲಿನ್ನೆಯಾ ಕ್ಯಾಮೆರಾ ಎತ್ತಲಿಲ್ಲ. ಮಂಡಿಯೂರಿ ಕೂತು, ಅಂಗಿಯ ತೋಳು ಮಡಚಿ, ದಡದ ಬಳಿಯ ತೆಳುನೀರಿನಲ್ಲಿ ಕೈಯಿಟ್ಟು ಮೆಲ್ಲಗೆ ಹುಡುಕತೊಡಗಿದಳು. ಈ ಹೊತ್ತಿಗೆ ಅಲ್ಲಿ ಮರಿಗಳಿರಬೇಕು. ಮೈ ಕಾಣದೆ ಕಣ್ಣು ಮಾತ್ರ ಕಾಣುವಷ್ಟು ಸಣ್ಣ ಮರಿಗಳು. ಚಿಕ್ಕವಳಿದ್ದಾಗ ಅವಳ ಅಜ್ಜ ರೈನೋ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ತೋರಿಸುತ್ತಿದ್ದದ್ದು ಅವನ್ನೇ. ಒಂದು ಗಂಟೆ ಹುಡುಕಿದರೂ ಒಂದು ಜೊತೆ ಕಣ್ಣು ಅವಳಿಗೆ ಸಿಗಲಿಲ್ಲ. ಅವಳ ಕೈ ಬೀಟ್ರೂಟಿನ ಹಾಗೆ ಕೆಂಪಗಾಯಿತು. ಆರ್ವಿಡ್ ಏಳಮ್ಮಾ ಎಂದು ಎರಡು ಸಲ ಕರೆದ.

ಅವಳು ಎದ್ದು ಬಂದು, ತಾವೇ ಎಳೆದು ಹಾಕಿದ್ದ ಒಂದು ಮರದ ಮೇಲೆ ಕೂತಳು.

“ಆ ಮರಗಳೇ ಮರಳನ್ನ ಹಿಡಿದಿಟ್ಟಿದ್ವು,” ಅಂದಳು. “ಅಲ್ವಾ?”

ಆರ್ವಿಡ್ ತಲೆಯಾಡಿಸಿದ.

ಅವಳು ಮರದ ತೊಗಟೆ ಕೀಳತೊಡಗಿದಳು. “ಅಜ್ಜಂಗೆ ಇದು ಗೊತ್ತಿತ್ತು. ಗೊತ್ತಿಲ್ದೆ ಇರಕ್ಕೆ ಸಾಧ್ಯಾನೇ ಇಲ್ಲ. ಅವರಿಗೆ ಮಾತು ಹೋಗೋಕ್ ಮುಂಚೆನೇ ನಾನು ನಕ್ಷೆ ತಗೊಂಡೋಗಿ ತೋರಿಸಿದ್ದೆ. ತೆಗೆಯೋ ಮರಕ್ಕೆಲ್ಲ ಕೆಂಪು ಗುರುತು ಹಾಕಿದ್ದೆ. ಸುಮ್ನೆ ನೋಡಿದ್ರು. ಮೀನು ಅಂದ್ರೆ ಇಡೀ ಊರಿಗೆ ಪಾಠ ಹೇಳೋ ಮನುಷ್ಯ, ನಂಗೊಬ್ಬಳಿಗೆ ಒಂದ್ ಮಾತು ಹೇಳ್ಲಿಲ್ಲ.”

ಆರ್ವಿಡನ ಬಾಯಿ ತೆರೆಯಿತು. ಅದರೊಳಗಿಂದ ಬಂದದ್ದು ಮಾತ್ರ ಬರಬೇಕಾದ ಮಾತಲ್ಲ.

“ನಿನ್ ಖುಷಿ ಕೆಡಿಸ್ಬಾರ್ದು ಅಂತ ಇರ್ಬೇಕು ಕಣಮ್ಮಾ.”

“ಅಂಥ ಖುಷಿ ಯಾರಿಗ್ ಬೇಕಿತ್ತು?” ಅಂದು ಅವಳು ಎದ್ದು ಟ್ರಕ್ಕಿನ ಕಡೆ ನಡೆದಳು.

ಮನೆಗೆ ಬಂದ ಆರ್ವಿಡ್ ಒದ್ದೆ ಬೂಟು ಕೂಡ ಬಿಚ್ಚದೆ ಕಪಾಟು ತೆರೆದ. ನೀಲಿ ಡಬ್ಬಿಯ ಹಿಂದೆ, ಹಳೆಯ ಟೋಪಿಗಳ ಕೆಳಗೆ, ಮೇಣಬಟ್ಟೆಯ ರಟ್ಟಿನ ಒಂದು ಪುಸ್ತಕ ಇತ್ತು. ಅದು ಅಲ್ಲಿ ಬಂದು ಸೇರಿ ಹತ್ತು ತಿಂಗಳಾಗಿತ್ತು.

ಕಳೆದ ಜೂನಿನ ಒಂದು ಶನಿವಾರ ಸಂಜೆ, ರೈನೋನ ಸೌನಾದ ಹಬೆಕೋಣೆಯಲ್ಲಿ ಇಬ್ಬರೂ ಬೆವರುತ್ತ ಕೂತಿದ್ದರು. ಕಾದ ಕಲ್ಲಿನ ಮೇಲೆ ನೀರೆರೆದು, ಆವಿಯೇಳುವ ಸದ್ದು ಅಡಗುವವರೆಗೂ ಕಾದು, ರೈನೋ ವಿಷಯ ತೆಗೆದಿದ್ದ. ಹಳ್ಳದ ಮರ ಮುಟ್ಟಬೇಡಿ, ಅವು ಮೀನಿನ ಮನೆ, ಕಸವಲ್ಲ ಅಂದಿದ್ದ. ನೀನೇ ಹೇಳು ಮಾರಾಯ, ಮೊಮ್ಮಗಳು ನಿನ್ನವಳಲ್ಲವೇ ಎಂದು ಆರ್ವಿಡ್ ಅಂದದ್ದಕ್ಕೆ, ಮುದುಕ ಬೆವರು ಒರೆಸಿಕೊಳ್ಳುತ್ತ ಆಡಿದ ಮಾತು ಇವತ್ತಿಗೂ ಆರ್ವಿಡನ ಕಿವಿಯಲ್ಲಿತ್ತು.

“ನಾನು ಹೇಳಿದ್ರೆ ಅಜ್ಜನ ಗೊಣಗಾಟ. ನೀನು ಹೇಳಿದ್ರೆ ಸ್ಕೌಟಿನ ಮಾತು. ಆ ಹುಡ್ಗಿ ನಿನ್ ಮಾತಿಗೆ ಬೆಂಕೀಲೂ ನಡೀತಾಳೆ ಕಣೋ. ಈ ಪುಸ್ತಕ ಕೊಡು, ಓದ್ಲಿ. ಅವಳ ಬುದ್ಧಿಗೆ ಅಷ್ಟು ಸಾಕು.”

ನಲವತ್ತೇಳು ವರ್ಷದ ಮೀನಿನ ಲೆಕ್ಕದ ಪುಸ್ತಕ ಅದು. ಸೀಸದ ಕಡ್ಡಿಯಲ್ಲಿ ಬರೆದದ್ದು. ಬಿದ್ದ ಒಂದೊಂದು ಮರಕ್ಕೂ ರೈನೋ ಹೆಸರಿಟ್ಟಿದ್ದ: ಕುಂಟ ಎಮಿಲ್, ಪಾದ್ರಿ, ಅತ್ತೆ. ‘ಅತ್ತೆಯ ಕೆಳಗೆ ಎರಡು ಸಿಕ್ಕವು, ಬಿಟ್ಟೆ. ಅತ್ತೆ ಯಾರನ್ನೂ ಸುಲಭಕ್ಕೆ ಬಿಡುವುದಿಲ್ಲ.’ ‘ಪಾದ್ರಿಯ ಹಿಂದೆ ಮೊಟ್ಟೆ ಜಾಗ ಮೂರು.’ ಹೀಗೆ ವರ್ಷ ವರ್ಷ.

ಆದರೆ ಅಷ್ಟರಲ್ಲಿ ಕೆಲಸದ ಯೋಜನೆ ಮೇಲಿನ ಕಚೇರಿಗೆ ಹೋಗಿ ಒಪ್ಪಿಗೆ ಬಂದಿತ್ತು. ಈಗ ಬದಲಿಸಿದರೆ ಇನ್ನೊಂದು ವರ್ಷ ಕಾಯಬೇಕು. ಏಳು ಮಕ್ಕಳ ದಳ ಇನ್ನೊಂದು ವರ್ಷ ಇರುತ್ತದೆಂದು ಯಾರು ಹೇಳಬೇಕು? ಒಂದೆರಡು ದಿನ ನೋಡೋಣ ಎಂದು ಆರ್ವಿಡ್ ಪುಸ್ತಕವನ್ನು ಕಪಾಟಿನಲ್ಲಿಟ್ಟ. ಅದೇ ವಾರ ರೈನೋನಿಗೆ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಯಿತು. ಆಸ್ಪತ್ರೆಯ ಹಾಸಿಗೆಯಿಂದ ಅವನು ಆರ್ವಿಡನನ್ನು ನೋಡಿದ ನೋಟದಲ್ಲಿ ಒಂದೇ ಪ್ರಶ್ನೆ ಇತ್ತು. “ಹೇಳಿದೀನಿ ಕಣೋ, ಎಲ್ಲಾ ಸರಿ ಇದೆ,” ಅಂದಿದ್ದ ಆರ್ವಿಡ್. ಮುದುಕ ನೆಮ್ಮದಿಯಿಂದ ನಿದ್ದೆಹೋದ. ನವೆಂಬರಿನಲ್ಲಿ ಮಣ್ಣಾದ.

ಇನ್ನೊಂದು ಸಂಗತಿಯೂ ಇತ್ತು. ಕೆಲಸ ಮುಗಿದು ಆರು ತಿಂಗಳಿಗೆ ದಳದ ಹಿರಿಯನೊಬ್ಬ ಆ ಜಾಗಕ್ಕೆ ಹೋಗಿ, ಕಣ್ಣಾರೆ ಕಂಡೆ ಎಂದು ಸಹಿ ಹಾಕಬೇಕು ಎನ್ನುವುದು ಪದಕದ ನಿಯಮ. ಆರು ತಿಂಗಳೆಂದರೆ ಜನವರಿಯ ಕೊನೆ. ಹಳ್ಳ ನಾಲ್ಕಡಿ ಹಿಮದ ಕೆಳಗೆ, ಮೊಣಕಾಲು ಊದಿಕೊಂಡು ಬಿಸಿನೀರಿನ ಚೀಲದ ಮೇಲೆ. ಆರ್ವಿಡ್ ಅಡುಗೆಮನೆಯ ಮೇಜಿನ ಮೇಲೆಯೇ, ಕಾಫಿ ಲೋಟ ಸರಿಸಿ, ಸಹಿ ಹಾಕಿದ್ದ.

ಭಾನುವಾರವೂ ಮಂಜು ಹರಿಯಲಿಲ್ಲ. ಆರಾಧನೆಗೆ ಮುಂಚೆ ಲಿನ್ನೆಯಾ ಎಂದಿನಂತೆ ತನ್ನ ಭಾಷಣದ ಹಾಳೆಯನ್ನು ತಿದ್ದಿಕೊಡಲು ಆರ್ವಿಡನ ಕೈಗಿತ್ತಳು. ಒಂದು ವಾರದ ಹಿಂದೆ ಅವನು ಓದಿದ್ದ ಹಾಳೆಯೇ. ಅವತ್ತು ಮೊದಲ ಸಾಲಿನಲ್ಲಿ, ಹಳ್ಳವನ್ನು ಪ್ರೀತಿಸಲು ಕಲಿಸಿದ ಅಜ್ಜ ರೈನೋ ಹಾರ್ಜುವಿಗೆ ಈ ಪದಕ, ಎಂದು ಇತ್ತು. ಈಗ ಆ ಸಾಲಿನ ಮೇಲೆ ಪೆನ್ನು ಓಡಿತ್ತು. ಕಾಗದ ಹರಿಯುವಷ್ಟು ಒತ್ತಿ ಓಡಿತ್ತು. ಕೆಳಗೆ ಹೊಸದಾಗಿ ಬರೆದಿದ್ದಳು: ನಾವು ಹಳ್ಳವನ್ನು ಕೆಡಿಸಿದೆವು, ಪದಕ ನನಗೆ ಸಲ್ಲುವುದಿಲ್ಲ, ತಿಳಿದವರು ತಡೆಯಲಿಲ್ಲ.

“ಸರಿ ಇದೆಯಾ?” ಎಂದು ಕೇಳಿದಳು.

ಅವನು ಹಾಳೆಯನ್ನು ಮಡಚಿ ವಾಪಸು ಕೊಟ್ಟ. ಆರಾಧನೆಯ ಗಂಟೆ ಹೊಡೆಯಿತು.

ಆ ದಿನದ ಪಾಪನಿವೇದನೆಯಲ್ಲಿ ಸಭೆ ಎದ್ದು ನಿಂತು, ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ಮನ್ನಿಸು ತಂದೆಯೇ ಎಂದಿತು. ಬಾಲ್ಯದಿಂದ ಎಷ್ಟು ಸಾವಿರ ಸಲ ಆ ಮಾತು ಆರ್ವಿಡನ ನಾಲಿಗೆಯ ಮೇಲೆ ಹೊರಳಿದೆಯೋ. ಇವತ್ತು ಅರ್ಧಕ್ಕೆ ನಿಂತುಹೋಯಿತು. ರೈನೋ ಕೂರುತ್ತಿದ್ದ ಮೂರನೆಯ ಬೆಂಚಿನ ತುದಿ ಖಾಲಿ ಇತ್ತು. ಹುಡುಗಿ ಆ ಕಡೆ ನೋಡದಂತೆ ಮುಖ ತಿರುಗಿಸಿ ನಿಂತಿದ್ದಳು. ಬದುಕಿದ್ದಾಗ ಹಳ್ಳವನ್ನು ಕಳೆದುಕೊಂಡವನು, ಸತ್ತ ಮೇಲೆ ಮೊಮ್ಮಗಳನ್ನೂ ಕಳೆದುಕೊಳ್ಳುವವನಿದ್ದ. ಅದೂ ತನ್ನದಲ್ಲದ ತಪ್ಪಿಗೆ. ದೇವರು ಮನ್ನಿಸಿಯಾನು, ಅದು ಅವನ ದೊಡ್ಡತನ. ಆದರೆ ಸತ್ತವನ ಮಾತನ್ನು ತಲುಪಿಸುವುದು ದೇವರ ಕೆಲಸವಲ್ಲ, ಟಪಾಲಿನವನ ಕೆಲಸ. ಮೂವತ್ತೈದು ವರ್ಷದಲ್ಲಿ ಆರ್ವಿಡ್ ಒಬ್ಬರ ಒಂದು ಕಾಗದವನ್ನೂ ತನ್ನ ಬಳಿ ಇಟ್ಟುಕೊಂಡವನಲ್ಲ.

ಆರಾಧನೆ ಮುಗಿದು ಜನ ನೆಲಮಾಳಿಗೆಗೆ ಇಳಿಯುತ್ತಿದ್ದರು. ಕಾಫಿಯ, ಏಲಕ್ಕಿ ಬ್ರೆಡ್ಡಿನ ವಾಸನೆ ಮೆಟ್ಟಿಲವರೆಗೂ ಬಂದಿತ್ತು. ಲಿನ್ನೆಯಾ ಪಕ್ಕದ ಅಡುಗೆಕೋಣೆಯಲ್ಲಿ ಒಬ್ಬಳೇ ಲೋಟ ತೊಳೆಯುತ್ತಿದ್ದಳು. ಆರ್ವಿಡ್ ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

“ನಿನ್ನೆ ನಿಂಗೆ ಸುಳ್ಳು ಹೇಳ್ದೆ,” ಅಂದ. “ಆಸ್ಪತ್ರೇಲಿ ನಿನ್ ಅಜ್ಜಂಗೂ ಸುಳ್ಳು ಹೇಳಿದ್ದೆ. ನಾನೇ ಹೋಗಿ ನೋಡ್ಬಂದೆ ಅಂತ ಹಾಕಿದ ಸಹೀನೂ ಸುಳ್ಳು. ರೈನೋ ಹೇಳಿದ್ದ ಕಣಮ್ಮಾ. ನನ್ನ ಹತ್ರ ಹೇಳಿದ್ದ, ನಿಂಗೆ ಹೇಳು ಅಂತ. ನಾನು ಪದಕದ ಆಸೆಗೆ ನುಂಗಿಬಿಟ್ಟೆ. ಹೊರಗೆ ಎಲ್ಲರ ಮುಂದೆ ನಾನೇ ಮೊದಲು ಎದ್ದು ಹೇಳ್ತೀನಿ. ಆಮೇಲೆ ನೀನು.”

ನಲ್ಲಿಯಿಂದ ನೀರು ಹರಿಯುತ್ತಲೇ ಇತ್ತು. ಅವಳು ನಿಲ್ಲಿಸಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಅವಳ ಕತ್ತು ಮಾತ್ರ ಮೆಲ್ಲಗೆ ಕೆಂಪಾಯಿತು. ಅವಳು ಬೈಯಲಿ ಎಂದು ಅವನು ಕಾದ.

ಅವನು ಕೋಟಿನ ಒಳಜೇಬಿನಿಂದ ಮೇಣಬಟ್ಟೆಯ ಪುಸ್ತಕ ತೆಗೆದು, ಕೊನೆಯ ಹಾಳೆ ಬಿಡಿಸಿದ. ಜೂನಿನ ತಾರೀಕು, ನಡುಗುವ ಕೈಯ ಅಕ್ಷರ: ‘ಇದು ಲಿನ್ನೆಯಾಗೆ. ಅತ್ತೆಯನ್ನು ಎಳೆಯಬೇಡ, ಮಗೂ. ಮರಿಗಳಿವೆ.’

ಲಿನ್ನೆಯಾ ನಲ್ಲಿ ನಿಲ್ಲಿಸಿದಳು. ಎರಡೂ ಕೈಯನ್ನು ಲಂಗಕ್ಕೆ ಒತ್ತಿ ಒತ್ತಿ ಒರೆಸಿಕೊಂಡಳು, ಒಂದು ಹನಿಯೂ ಉಳಿಯದ ಹಾಗೆ. ಆಮೇಲೆ ಕೈ ಚಾಚಿದಳು. ಆರ್ವಿಡ್ ಪುಸ್ತಕವನ್ನು ಅವಳ ಅಂಗೈಯ ಮೇಲಿಟ್ಟ.