ಹದಿನಾರನೆಯ ತೂತು

ನಾನು ಒಂದು ಸ್ಟೀಲ್ ಪಟ್ಟಿ. ಅಂಗೈಯಗಲದ ಮೈಯಲ್ಲಿ ಸಾಲಾಗಿ ತೂತುಗಳು, ಪಕ್ಕದಲ್ಲಿ ನಂಬರು. ಮೂತ್ರದ ನಳಿಕೆಯ ದಪ್ಪ ಅಳೆಯಲು ನನ್ನನ್ನು ಕೊರೆದರು. ನಳಿಕೆಗಳ ನಂಬರು ಮಿಲಿಮೀಟರಿನದಲ್ಲ, ಫ್ರೆಂಚ್ ಅಳತೆಯದು. ಒಂದು ಮಿಲಿಮೀಟರ್ ದಪ್ಪವಿದ್ದರೆ ನಂಬರು ಮೂರು.

ಮೊದಲು ಸರ್ಜನ್ ಒಬ್ಬರ ಚೀಲದಲ್ಲಿದ್ದೆ. ನಿವೃತ್ತಿಯ ದಿನ ಅವರು ನನ್ನನ್ನು ಹುಬ್ಬಳ್ಳಿಯ ಸಣ್ಣ ಆಸ್ಪತ್ರೆಯೊಂದರ ನರ್ಸ್ ಎಸ್ತೇರಮ್ಮನಿಗೆ ಕೊಟ್ಟರು. ಅಷ್ಟರಲ್ಲಿ ನಳಿಕೆಯ ನಂಬರು ಅದರ ಪೊಟ್ಟಣದ ಮೇಲೆಯೇ ಅಚ್ಚಾಗಿ ಬರತೊಡಗಿತ್ತು. ವರ್ಷಗಟ್ಟಲೆ ಡ್ರಾಯರಿನಲ್ಲಿ ಕತ್ತರಿಯ ಕೆಳಗೆ ಮಲಗಿದ್ದೆ.

ಒಂದು ಮಧ್ಯಾಹ್ನ ಕಾಳಪ್ಪ ಬಡಿಗೇರರನ್ನು ಕರೆತಂದರು. ಮೂತ್ರದ ದಾರಿ ಕಟ್ಟಿದ್ದರಿಂದ ಅವರಿಗೆ ಹೊಕ್ಕುಳ ಕೆಳಗೆ ರಂಧ್ರ ಮಾಡಿ ನಳಿಕೆ ಇಟ್ಟಿದ್ದರು. ಅದು ಜಾರಿ ಹೊರಬಂದಿತ್ತು. ಕೆಲವೇ ಗಂಟೆಗಳಲ್ಲಿ ಅಂಥ ರಂಧ್ರ ಕೂಡಿಕೊಳ್ಳುತ್ತದೆ. ಆಮೇಲೆ ಮತ್ತೆ ಆಪರೇಷನ್ನೇ. ಹಳೆಯ ನಳಿಕೆಯ ಮೇಲಿನ ನಂಬರು ಅಳಿಸಿಹೋಗಿತ್ತು. ಲೇತ್ ಕೆಲಸದ ಮಗ ಮೌನೇಶ ಬರುವ ದಾರಿಯಲ್ಲೇ ಔಷಧಿ ಅಂಗಡಿಯಿಂದ ಹೊಸದೊಂದನ್ನು ತಂದಿದ್ದ.

ಎಸ್ತೇರಮ್ಮ ಪೊಟ್ಟಣ ನೋಡಿ ಹೌಹಾರಿದರು. “ಇದು ಎಳೇ ಕೂಸಿಗೆ ಹಾಲು ಹಾಕೋ ನಳಗಿ ಐತೋ ಮಾರಾಯಾ!”

“ವರ್ನಿಯರ್ ಹಚ್ಚಿ ಅಳದೇನ್ರಿ ಸಿಸ್ಟರ್. ಐದು ಪಾಯಿಂಟ್ ಮೂರು ಮಿಲಿಮೀಟರ್. ಅಂಗಡ್ಯಾಗ ಪಾಯಿಂಟಿಂದು ಇಲ್ಲಂದ್ರು, ಐದು ನಂಬರಿಂದು ತಂದೇನ್ರಿ. ನನ್ನ ಅಳತಿ ತಪ್ಪಂಗಿಲ್ಲ.”

ಮಂಚದಿಂದ ಕಾಳಪ್ಪ ನರಳಿದರು: “ಆಮ್ಯಾಲ ಜಗಳಾಡ್ರಿ. ತೂತು ಮುಚ್ಚಿದ್ರ ಮತ್ತ ಕೊಯ್ತಾರ ನನ್ನ!”

ಎಸ್ತೇರಮ್ಮ ಡ್ರಾಯರ್ ಎಳೆದು ನನ್ನನ್ನು ಹೊರತೆಗೆದರು. ಹಳೆಯ ನಳಿಕೆಯ ತುದಿ ಕತ್ತರಿಸಿ ತೂರಿಸಿದರು. ಹದಿನಾಲ್ಕರಲ್ಲಿ ಹೋಗಲಿಲ್ಲ. ಹದಿನಾರರಲ್ಲಿ ಬಿಗಿಯಾಗಿ ಹೊಕ್ಕಿತು.

“ನಿನ್ನ ಅಳತಿ ಖರೆ ಐತಿ. ಮೂರರಿಂದ ಗುಣಿಸೋದು ಬಿಟ್ಟಿ. ಹದಿನಾರು ಬೇಕು, ಓಡು!”

ಮೌನೇಶ ಓಡಿದ, ಐದೇ ನಿಮಿಷಕ್ಕೆ ಬಂದ. ಡಾಕ್ಟರು ನಳಿಕೆ ತೂರಿಸಿದರು. ಅರೆಕ್ಷಣ ತಡೆದು, ಒಳಗೆ ಹೋಯಿತು. ಚೀಲಕ್ಕೆ ಮೂತ್ರ ಇಳಿಯಿತು. ಕಾಳಪ್ಪ ದೀರ್ಘವಾಗಿ ಉಸಿರು ಬಿಟ್ಟರು.

“ಹೊಟ್ಟಿ ಹಗುರಾತು. ಒಂದ್ ಕಪ್ ಚಾ ತರಸು. ಅದಕ್ಕ ವರ್ನಿಯರ್ ಹಚ್ಚಬ್ಯಾಡ ಮತ್ತ.”

ಎಲ್ಲರೂ ನಕ್ಕರು. ನನಗೆ ಮಾತ್ರ ಒಳಗೊಳಗೇ ಅಳುಕು. ಸರ್ಜನ್ನರ ಬಳಿ ನಲವತ್ತು ವರ್ಷ ಉಜ್ಜಿ, ಕುದಿಸಿ, ತೊಳೆದ ಮೈ ನನ್ನದು. ತೂತು ಸವೆದು ಹಿಗ್ಗಿರಬಹುದೇ? ನನ್ನನ್ನು ಅಳೆದವರು ಯಾರೂ ಇರಲಿಲ್ಲ.

ಚಹಾ ಹೇಳಿ ಬಂದ ಮೌನೇಶ ನನ್ನನ್ನು ಕೈಗೆತ್ತಿಕೊಂಡ. ಜೇಬಿನಿಂದ ವರ್ನಿಯರ್ ತೆಗೆದು ಅದರ ಮೂತಿಯನ್ನು ಹದಿನಾರನೆಯ ತೂತಿಗೆ ಇಳಿಸಿದ. ಕಣ್ಣು ಕಿರಿದು ಮಾಡಿ ಓದಿದ.

“ಐದು ಪಾಯಿಂಟ್ ಮೂರು ನಾಲ್ಕು. ಪಟ್ಟಿ ಚಲೋ ಐತ್ರಿ, ಸಿಸ್ಟರ್.”

ಮತ್ತೆ ಡ್ರಾಯರಿಗೆ ಬಂದಿದ್ದೇನೆ. ಈಗ ನಿಶ್ಚಿಂತೆಯಿಂದ ಮಲಗಬಲ್ಲೆ.